ಸಪ್ಪಳಿಲ್ಲದ ಫಟಫಟಿ

ನಾ ಅಂಜಿದಷ್ಟೂ ಕೆಲಸ ಕೆಡತಾವ, ಕೆಲಸ ಕೆಟ್ಟಷ್ಟೂ ಮಂದಿ ನಗತಾರ. ನನ್ನ ಹಣೇಬರಹಾನ ಹಿಂಗ. ಮಗ್ಗದ ಮನ್ಯಾಗ ಹುಟ್ಟಿ, ಮಗ್ಗ ಬಿಟ್ಟು ಪಾನಾ ಹಿಡದಾವ ನಾನು. ಗಜೇಂದ್ರಗಡದಾಗ ರಿಪೇರಿ ಅಂಗಡಿ ಹಾಕಿದಾಗ ರೋಣ, ನರಗುಂದ ಎಲ್ಲಾ ಹಿಡದು ಇದ್ದದ್ದ ಆರೋ ಏಳೋ ಫಟಫಟಿ ಮೋಟರಸೈಕಲ್ಲು. ಎಲ್ಲಾ ದಂಡಿನವರು ಬಳಸಿ ಬಿಟ್ಟ ಹಳೇ ಗಾಡಿ. ಅವಕ್ಕ ಬರೂ ರೋಗ ಒಂದ: ಹೊಗಿ ಕೊಳವಿ, ಅಂದ್ರ ಸೈಲೆನ್ಸರು, ತುಕ್ಕ ಹಿಡದು ತೂತ ಬೀಳೂದು. ಹೊಸಾದು ಕೂಡಸಬೇಕಂದ್ರ ಹಳೇದು ಬಿಚ್ಚಿ ಬರಬೇಕಲ್ರೀ? ಬರೂದಿಲ್ಲ.

ಆ ವರ್ಷ ನನಗ ಯಾವದಕ್ಕೂ ಧೈರ್ಯ ಇದ್ದಿದ್ದಿಲ್ಲ. ಹೆಂಡತಿ ಎರಡನೇ ಸಲ ಬಸುರಿ. ಮೊದಲನೇ ಕೂಸು ಡಾಕ್ಟರು ಬರೂದ್ರಾಗ ಹೋಗಿಬಿಟ್ಟಿತ್ತು. ಅಕಿ ಇದ್ದದ್ದು ಅದ ಊರಾಗ, ನೇಕಾರ ಓಣಿಯ ತವರುಮನ್ಯಾಗ. ಡಾಕ್ಟರು ಇದ್ದದ್ದು ರೋಣದಾಗ. ಈ ಸಲ ಅವರು ಹೊತ್ತಿಗೆ ಸರಿಯಾಗಿ ಬರ್ತಾರೋ ಇಲ್ಲೋ ಅಂತ ಉಂಡದ್ದು ಮೈಗೆ ಹತ್ತತಿರಲಿಲ್ಲ.

ಎತ್ತು ಜಗ್ಗಿದ ಗಾಡಿ

ನರಗುಂದದ ಹತ್ತಿ ವ್ಯಾಪಾರಿಯೊಬ್ರು ಗಾಡಿ ತಂದ್ರು. ಸೈಲೆನ್ಸರು ಕಚ್ಚಿಕೊಂಡು ಕುಂತಿತ್ತು. ಚಿಮಣಿ ಎಣ್ಣಿ ಹಾಕಿ ನೆನಸಿದೆ, ಕಟಗಿ ಸುತಗಿಲೆ ಬಡದೆ, ತಿರುವಿ ಜಗ್ಗಿದೆ. ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ವ್ಯಾಪಾರಿ ನೆತ್ತಿ ಮ್ಯಾಲ ನಿಂತು, "ಲಗೂ ಮಾಡೋ ಮಾರಾಯಾ, ಮುಂಜಾನಿಂದ ಗಾಡಿ ಜಾಗಾ ಬಿಟ್ಟು ಕದಲವಲ್ದು" ಅಂತ ಜೀವಾ ತಿನ್ನಾಕ ಹತ್ತಿದ್ರು.

ಸಂತಿಗೆ ಬಂದಿದ್ದ ರಾಜೂರಿನ ರೈತನೊಬ್ಬ ನಿಂತು ನೋಡತಿದ್ದ. "ಕೆಸರಾಗ ಹೂತ ಚಕ್ಕಡಿ ಕೀಳತಾವ ನನ್ನ ಎತ್ತು. ಇದೊಂದು ಕೊಳವಿ ಏನ್ ಲೆಕ್ಕ?" ಅಂದ.

ನನಗೂ ಬ್ಯಾರೆ ದಾರಿ ಇರಲಿಲ್ಲ. ಗಾಡೀನ ಬೇವಿನ ಗಿಡಕ್ಕ ಬಿಗದೆ. ಸೈಲೆನ್ಸರಿಗೆ ಇನ್ನೊಂದು ಹಗ್ಗ ಕಟ್ಟಿ ನೊಗಕ್ಕ ಕೊಟ್ಟೆ. ರೈತ ಒಮ್ಮೆ ಹುರುಪಿಲೆ ಕೂಗಿದ. ಎತ್ತು ಜಗ್ಗಿದ್ವು, ಗಿಡದ ಕಡೆ ಹಗ್ಗ ಫಟ್ ಅಂತ ಹರೀತು. ಗಾಡಿ ಅಡ್ಡಾಗಿ ಬಿದ್ದು, ಧೂಳ ಎಬ್ಬಿಸಿಕೋತ ಎತ್ತಿನ ಹಿಂದ ಸಂತಿ ತುಂಬ ಹೊಂಟಿತು. ಬದನಿಕಾಯಿ ರಾಶಿ ದಾಟಿ ನಿಂತಾಗ ನೋಡಿದ್ರ, ಸೈಲೆನ್ಸರು ಇದ್ದಲ್ಲೇ ಐತಿ! ವ್ಯಾಪಾರಿ ತಲಿ ಮ್ಯಾಲ ಕೈ ಹೊತ್ತು ನಿಂತಿದ್ರು.

ರೈತ ಅಂದ: "ಸಾವಕಾರ್ರ, ಗಾಡಿ ಜಾಗಾ ಬಿಟ್ಟು ಕದಲವಲ್ದು ಅಂತಿದ್ರಲ್ಲ? ನೋಡ್ರಿ, ಎಷ್ಟ ದೂರ ಬಂತು!"

ಫೌಜದಾರರು ಸುಮ್ಮನ ಬಂದ್ರು

ಮುಂದ ಬುದ್ಧಿ ಕಲಿತೆ. ಕಮ್ಮಾರನ ಕುಲುಮಿಯಿಂದ ಕೆಂಡ ತಂದು, ಜೋಡಣಿ ಸುತ್ತ ಕಾಸಿ ಹಿಗ್ಗಿಸಿ ತಿರುವಿದ್ರ ಬರತೈತಿ ಅಂತ ಗೊತ್ತಾತು. ಪೋಲೀಸ ಫೌಜದಾರರ ಗಾಡೀದು ಬೆಣ್ಣಿ ಹಂಗ ಬಂತು. ಹುಬ್ಬಳ್ಳಿಯಿಂದ ತರಿಸಿದ ಹೊಸಾದು ಕೂಡಿಸಿದೆ. ಗಾಡಿ ಚಾಲೂ ಐತೋ ಇಲ್ಲೋ ಅಂತ ಕೈಯಿಟ್ಟು ನೋಡಬೇಕು, ಅಷ್ಟು ಮೆತ್ತಗ! ಫೌಜದಾರರು ಬೆನ್ನು ಚಪ್ಪರಿಸಿದ್ರು. ನಾ ಎದಿ ಉಬ್ಬಿಸಿಕೊಂಡು ಸಂಜಿಗೆ ಹೆಂಡತಿ ಮನಿಗೆ ಹೋದೆ.

ಅತ್ತಿ ಬಾಗಲದಾಗ ನಿಂತಿದ್ರು. "ನಿಮ್ಮ ಮಾವಾರು ಠಾಣೇದಾಗ ಅದಾರ" ಅಂದ್ರು.

ನಮ್ಮ ಮಾವಾರು ಮಗ್ಗದ ಕೆಲಸ ಮುಗಿಸಿ ದಿನಾ ಹಾಳುಬಾವಿ ಹತ್ರ ನಾಕ ಮಂದಿ ಕೂಡಿ ರೊಕ್ಕ ಇಟ್ಟು ಇಸ್ಪೀಟ ಆಡತಿದ್ರು. ಫೌಜದಾರರ ಗಾಡಿ ಸಪ್ಪಳ ದೂರಿಂದ ಕೇಳಿದ ಕೂಡ್ಲೇ ಎಲಿ ಮುಚ್ಚಿಟ್ಟು ತಾಳ ತಗದು ಭಜನಿ ಶುರು. ಅವತ್ತ ಸಪ್ಪಳಾನ ಆಗಲಿಲ್ಲ. ಕೈಯಾಗ ಎಲಿ ಹಿಡಕೊಂಡ ಸಿಕ್ಕಬಿದ್ರು.

ತಾಕೀತು ಮಾಡಿ ಬಿಟ್ಟ ಮ್ಯಾಲ ಮಾವಾರು ಬಂದು ನನ್ನ ಮುಂದ ಕುಂತ್ರು. ಬೈತಾರಂತ ನಾ ಬೆವರಾಕ ಹತ್ತಿದೆ. ಅವರು ತಣ್ಣಗ ಕೇಳಿದ್ರು: "ಅಳಿಯಂದ್ರ, ಮಗಳನ್ನ ಕೊಟ್ಟೇನಿ. ಇನ್ನೇನ್ ಕಮ್ಮಿ ಮಾಡಿದ್ದೆ ನಿಮಗ?"

ಓಣಿ ಮೌನ ಆದದ್ದು

ಡಾಕ್ಟರ ಗಾಡಿ ಸೈಲೆನ್ಸರಂತೂ ಜರಡಿ ಆಗಿತ್ತು. ರಾಜೂರ ದಾಟಿದ್ರ ನಮ್ಮ ಓಣಿಗೆ ಕೇಳತಿತ್ತು. ಹೆರಿಗಿ ಮನಿ ಹೆಂಗಸರು, "ಬಂದ್ರು ನೋಡ್ರಿ" ಅಂತ ಒಲಿ ಮ್ಯಾಲ ನೀರ ಇಡತಿದ್ರು. ಒಂದಿನ ಡಾಕ್ಟರು, "ಮಿಸ್ತ್ರಿ, ನನ್ನ ಕಿವಿ ಹೋಗೂದ್ರಾಗ ಇದನ್ನ ಬದಲಿ ಮಾಡು" ಅಂದ್ರು. ಎತ್ತಿದ ಪಾನಾ ಕೆಳಗಿಟ್ಟೆ. ಈ ಗಾಡಿ ಕೆಟ್ಟರ ನನ್ನ ಹೆಂಡತಿಗೆ ಯಾರು ಬರಬೇಕು? ಮನಿದೇವರ ನೆನಸಿಕೋತ ಕಾಸಿದೆ, ತಿರುವಿದೆ. ಬಂತು! ಹೊಸಾದು ಕೂಡಿಸಿ ಕಳಿಸಿದೆ.

ನಾಕನೇ ದಿನ ಮಧ್ಯಾಹ್ನ ಹೆಂಡತಿಗೆ ಬ್ಯಾನಿ ಶುರುವಾದ್ವು. ಬಸ್ಸಿನವರ ಕೈಯಾಗ ರೋಣಕ್ಕ ಚೀಟಿ ಕೊಟ್ಟು ಕಳಿಸಿ, ಓಣಿ ಬಾಯಾಗ ನಿಂತೆ. ಒಂದ ತಾಸಾತು, ಎರಡಾತು. ಮಗ್ಗದ ಸಪ್ಪಳದಾಗ ಏನೂ ಕೇಳವಲ್ದು. ಮನಿ ಮನಿಗೆ ಓಡಿದೆ. "ಕೈಮುಗೀತೀನ್ರಿ, ಒಂದೀಟು ಮಗ್ಗಾ ನಿಲ್ಲಸ್ರಿ. ಡಾಕ್ಟರ ಗಾಡಿ ಸಪ್ಪಳ ಕೇಳಬೇಕು!"

ನಮ್ಮ ಓಣ್ಯಾಗ ಯಾರರ ಸತ್ತರ ಮಾತ್ರ ಹಗಲ ಹೊತ್ತಿನ್ಯಾಗ ಮಗ್ಗ ನಿಲ್ಲತಾವ. ಆದರೂ ಪಾಪ, ಎಲ್ಲಾರೂ ನಿಲ್ಲಿಸಿ ಹೊರಗ ಬಂದ್ರು. ರಾಜೂರ ದಾರಿ ಕಡೆ ಕಿವಿ ಕೊಟ್ಟು, ತಲಿ ಬಗ್ಗಿಸಿ ನಿಂತ್ರು. ಹೆಂಗಸರು ಬಾಯಿಗೆ ಸೆರಗು ಹಿಡದಿದ್ರು. ಆ ಸಪ್ಪಳಾ ಬಂದ್ ಮಾಡಿದಾವ ನಾನ ಅನ್ನೂದು ನನ್ನ ತಲಿಗೆ ಹೊಳೀಲೇ ಇಲ್ಲ.

ಡಾಕ್ಟರು ಅವತ್ತ ನರೇಗಲ್ಲಿಗೆ ಹೋಗಿದ್ರಂತ. ಕಾಂಪೌಂಡರು ಚೀಟಿ ಅಲ್ಲಿಗೆ ಮುಟ್ಟಿಸಿದ್ರು. ಹಿಂಗಾಗಿ ಅವರು ಓಣಿಯ ಆ ತುದಿಯಿಂದ, ನಮ್ಮ ಬೆನ್ನ ಹಿಂದ, ಬೆಕ್ಕಿನ ಹಂಗ ಬಂದ್ರು. ನೋಡಿದ್ರ ಮಗ್ಗ ನಿಂತಾವ, ಮಂದಿ ತಲಿ ಬಗ್ಗಿಸ್ಯಾರ. ಮೊದಲನೇ ಕೂಸು ಹೋದಾಗೂ ಅವರು ಇದನ್ನ ನೋಡಿದ್ರು. ಟೊಪಗಿ ತಗದು ಕೈಯಾಗ ಹಿಡಕೊಂಡು, ಹಿಂದಿಂದ ನನ್ನ ಹೆಗಲ ಮ್ಯಾಲ ಕೈ ಇಟ್ರು. "ಮಿಸ್ತ್ರಿ, ಈ ಸಲಾನೂ ನಾ ತಡಾ ಮಾಡಿಬಿಟ್ಟೆ" ಅಂದ್ರು.

ಹೊಳ್ಳಿ ನೋಡಿದೆ. ಡಾಕ್ಟರು, ಕೈಯಾಗ ಟೊಪಗಿ! ಒಳಗ ನೋಡಿ ಹೊರಗ ಬಂದಾರಂತ ತಿಳದೆ. "ಅಯ್ಯಯ್ಯೋ, ಹೋದಳೇನ್ರೀ!" ಅಂತ ಮಣ್ಣಾಗ ಕುಂತು ಬೋರ್ಯಾಡಿ ಅಳಾಕ ಹತ್ತಿದೆ. ನನ್ನ ನೋಡಿ ಡಾಕ್ಟರ ಕಣ್ಣಾಗ ನೀರು. ನಮ್ಮಿಬ್ಬರ್ನೂ ನೋಡಿ ಇಡೀ ಓಣಿ ಅಳಾಕ ಶುರು ಮಾಡ್ತು.

ಅತ್ತಿ ಒಳಗಿಂದ ಒದರಿದ್ರು: "ಏ, ಏನಾಗೇತ್ರೋ ನಿಮಗ! ಇಲ್ಲಿ ಅಕಿ ಇನ್ನೂ ಹಡದಿಲ್ಲ, ಅಳೂದು ಬಿಟ್ಟು ಡಾಕ್ಟರು ಎಲ್ಲಿ ಅದಾರ ನೋಡ್ರಿ!"

ಡಾಕ್ಟರು ಟೊಪಗಿ ಅಲ್ಲೇ ಒಗದು ಒಳಗ ಓಡಿದ್ರು. ಅರ್ಧಾ ತಾಸಿನ್ಯಾಗ ಕೂಸು ಅತ್ತಿತು. ಹೆಣ್ಣು. ತಾಯಿ, ಮಗಳು ಇಬ್ಬರೂ ಆರಾಮ. ನಾ ಮತ್ತ ಅತ್ತೆ, ಈ ಸಲ ಖರೇ ಕಾರಣ ಇತ್ತು.

ಡಾಕ್ಟರು ಕೈ ತೊಳಕೋತ ಅಂದ್ರು: "ಮಿಸ್ತ್ರಿ, ನನ್ನ ಹಳೇ ತೂತಿನ ಸೈಲೆನ್ಸರು ಇಟ್ಟೀಯೇನು? ನಾಳೆ ಅದನ್ನ ಕೂಡಿಸಿಬಿಡು."

ನಾ ಬಾಯಿ ತೆಗೆಯೂದ್ರಾಗ ಮಾವಾರು ಮುಂದ ಬಂದ್ರು. "ಆಗಂಗಿಲ್ರಿ ಡಾಕ್ಟರ. ಅದನ್ನ ಫೌಜದಾರ್ರ ಗಾಡಿಗೆ ಅಂತ ನಾ ಎತ್ತಿಟ್ಟೇನಿ."