ಒಂಟೆ ಏರಿ ಬಂದ ನನ್ನ ಸವತಿ

ನನಗೊಬ್ಬಳು ಸವತಿ ಇದ್ದಳು. "ಅಯ್ಯೋ ಪಾಪ" ಅನ್ನುವುದಕ್ಕೆ ಮುಂಚೆ ಪೂರ್ತಿ ಕೇಳಿ. ಅವಳ ಮುಖವನ್ನು ನಾನೂ ನೋಡಿಲ್ಲ, ನಮ್ಮನೆಯವರೂ ನೋಡಿಲ್ಲ! ಮರಳುಗಾಡಿನ ಡೇರೆಯೊಂದರಲ್ಲಿ ಅವಳ ವಾಸ, ಓಡಾಡುವುದಕ್ಕೆ ಒಂದು ಬಿಳಿ ಒಂಟೆ. ಹೆಸರು ಜುಮಾನಾ. ಗುಬ್ಬಿಯ ನಮ್ಮ ಮನೆಯ ನಡುಮನೆಯಲ್ಲಿ, ಕಂಪ್ಯೂಟರ್ ಮುಂದೆ ಬನಿಯನ್ ತೊಟ್ಟು ಕೂತ ನಮ್ಮವರು ತಮ್ಮ ತಲೆಯಿಂದಲೇ ಹುಟ್ಟಿಸಿದ ಹೆಂಗಸು ಅವಳು.

ಇಲ್ಲದ ಹೆಂಗಸಿನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ಇರುವವಳಾಗಿದ್ದರೆ ಬೀದಿಯಲ್ಲಿ ನಿಂತು ಜಡೆ ಹಿಡಿದು ಜಗಳವಾಡಬಹುದಿತ್ತು. ಇಲ್ಲದವಳ ಜಡೆಯನ್ನು ಎಲ್ಲಿಂದ ಹಿಡಿಯಲಿ, ಹೇಳಿ?

ಇದಕ್ಕೆಲ್ಲ ಮೂಲ ಮಸ್ಕತ್. ಮದುವೆಗೆ ಮುಂಚೆ, ತೊಂಬತ್ತರ ದಶಕದಲ್ಲಿ, ನಮ್ಮವರು ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಜೊತೆಗಿದ್ದ ಮುದುಕ ಮೇಸ್ತ್ರಿಯೊಬ್ಬ ಸಂಜೆಯಾದರೆ ಅರಬ್ಬಿ ಪದ್ಯ ಹೇಳುತ್ತಿದ್ದನಂತೆ. ಅವನ ಹಿಂದೆ ಬಿದ್ದು ಇವರು ಭಾಷೆ ಕಲಿತರಂತೆ. ಫಾರಿನ್ನಿನಿಂದ ಬಂದ ಗಂಡು ಎಂದು ಕುಣಿಗಲ್ಲಿನ ನಮ್ಮ ಬಂಧು ಬಳಗಕ್ಕೆಲ್ಲ ಸಂಭ್ರಮವೋ ಸಂಭ್ರಮ. ಮದುವೆಯಾದ ಮೇಲೆ ಅವರ ಟ್ರಂಕು ತೆಗೆದರೆ ಒಳಗೆ ಬರೀ ಪುಸ್ತಕ! ನಮ್ಮ ಸೋದರತ್ತೆ ಮಾತ್ರ ಧೈರ್ಯಗೆಡಲಿಲ್ಲ. "ಚಿನ್ನಾನ ಪುಸ್ತಕದ ಮಧ್ಯೆ ಇಟ್ಟಿರ್ತಾರೆ ಕಣೇ, ಕಸ್ಟಮ್ಸ್‌ನೋರಿಗೆ ಕಾಣ್ದಂಗೆ" ಎಂದು ಒಂದೊಂದನ್ನೇ ತಲೆಕೆಳಗೆ ಹಿಡಿದು ಕೊಡವಿದಳು. ಒಂದು ಖರ್ಜೂರದ ಬೀಜವೂ ಉದುರಲಿಲ್ಲ.

ಆಮೇಲೆ ಇವರು ಗುಬ್ಬಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕಿದರು. ತೋಟದವರು ಸುಟ್ಟ ಮೋಟಾರ್ ಹೊತ್ತು ತಂದರೆ, ತಾಮ್ರದ ತಂತಿ ಸುತ್ತುತ್ತ ಸುತ್ತುತ್ತ ಪದ್ಯ ಶುರು. ಪ್ರಿಯತಮೆ ಡೇರೆ ಕಿತ್ತುಕೊಂಡು ಹೋಗಿಬಿಟ್ಟಿದ್ದಾಳೆ, ಕವಿ ಬಂದು ಅವಳ ಒಲೆಯ ಬೂದಿ ನೋಡಿ ಅಳುತ್ತಿದ್ದಾನೆ. ಇವರ ಕೈ ನಿಂತುಹೋಯಿತು, ಕಣ್ಣು ತುಂಬಿತು. ಎದುರಿಗೆ ಕೂತ ಗೌಡರಿಗೆ ಇನ್ನು ತಡೆಯಲಾಗಲಿಲ್ಲ.

"ಅಣ್ಣೋ, ಆ ಯಮ್ಮ ಎಲ್ಲಿಗಾದ್ರೂ ಹೋಗ್ಲಿ ಬುಡು. ನಂದು ಮೋಟ್ರು ಕೊಡು, ತೆಂಗಿನ ಸಸಿ ಒಣಗ್ತಾ ಅವೆ!"

ಹೀಗೆ ಗಿರಾಕಿಗಳ ಮಟ್ಟದಲ್ಲೇ ಇದ್ದ ರೋಗ ಇಂಟರ್ನೆಟ್ ಬಂದ ಮೇಲೆ ಊರೂರಿಗೆ ಹಬ್ಬಿತು. ಮೊದಮೊದಲು ಭಾನುವಾರವಾದರೆ "ಸಾಮಾನು ತರಬೇಕು" ಎಂದು ತುಮಕೂರಿಗೆ ಹೊರಡುತ್ತಿದ್ದರು. ಸಂಜೆ ಬರಿಗೈಯಲ್ಲಿ, ಮುಖದಲ್ಲಿ ಮಾತ್ರ ಮದುವಣಿಗನ ಕಳೆ ಹೊತ್ತು ಬರುತ್ತಿದ್ದರು. ವಿಚಾರಿಸಿದರೆ ಸೈಬರ್ ಕೆಫೆ! ಆಮೇಲೆ ಕಂಪ್ಯೂಟರೇ ಮನೆಗೆ ಬಂತು. ಬ್ಲಾಗು ಎನ್ನುವುದೊಂದನ್ನು ತೆರೆದರು. ವಾರಕ್ಕೊಂದು ಅರಬ್ಬಿ ಪದ್ಯ, ಅದರ ಕನ್ನಡ, ಅದರ ಕೆಳಗೆ ಸ್ವಂತ ಪ್ರೇಮಕತೆಯ ಒಂದು ಕಂತು. ಜುಮಾನಾ ಹುಟ್ಟಿದ್ದೇ ಅಲ್ಲಿ. ಅವಳ ಜೊತೆಗೆ ಹುಟ್ಟಿಕೊಂಡವರು ಫಾಲೋವರ್ಸ್. ದುಬೈಯವರೊಬ್ಬರು, ಧಾರವಾಡದವರೊಬ್ಬರು, ಅದರಲ್ಲೂ ಹೆಂಗಸರೇ ಜಾಸ್ತಿ! "ಸರ್, ನಿಮ್ಮ ಹೃದಯ ಎಷ್ಟು ಕೋಮಲ!" ಎಂದು ಅವರು ಬರೆಯುವುದು, ನಾನು ಕಾಯಿ ತುರಿಯುತ್ತಿದ್ದರೆ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೇ ಅದನ್ನು ಓದಿ ಹೇಳುವುದು. ಕೋಮಲವಂತೆ!

ಮದುವೆಯಾದಂದಿನಿಂದ ಈ ಕೋಮಲ ಹೃದಯ ನನ್ನ ಬಗ್ಗೆ ಆಡಿದ ಅತಿ ದೊಡ್ಡ ಹೊಗಳಿಕೆ ಯಾವುದು ಗೊತ್ತೇ? "ಸಾರಿಗೆ ಉಪ್ಪು ಸರಿಯಾಗಿದೆ." ಅಷ್ಟೇ. ಜುಮಾನಾ ನಡೆದರೆ ಮರಳು ಕೂಡ ಸದ್ದು ಮಾಡುವುದಿಲ್ಲವಂತೆ. ನಾನು ಮಹಡಿಯಿಂದ ಇಳಿದರೆ, "ನಿಧಾನ ಕಣೇ, ಮೋಟಾರ್ ಉರುಳಿ ಬಿದ್ದಂಗಾಯ್ತು" ಅನ್ನುತ್ತಾರೆ. ಗೌರಿ ಹಬ್ಬಕ್ಕೊಂದು ಸೀರೆ ಬೇಕು ಅಂದರೆ "ನೋಡೋಣ." ಅದೇ ವಾರ ಜುಮಾನಾಳಿಗೆ ದಮಾಸ್ಕಸ್ಸಿನಿಂದ ರೇಷ್ಮೆ ಹೊತ್ತ ಒಂಟೆಗಳ ಸಾಲೇ ಬಂದಿಳಿಯಿತು! ನನಗೆ ಬೇಕಿದ್ದದ್ದು ಸೀರೆಯೂ ಅಲ್ಲ. ಒಂದು ಮಾತು. ಊರಿಗೆಲ್ಲ ಹಂಚುವ ಆ ಮಾತುಗಳಲ್ಲಿ ನನ್ನ ಪಾಲಿಗೆ ಒಂದೇ ಒಂದು ಬೇಡವೇ?

ಹಬ್ಬಕ್ಕೆ ಮೂರ್ನಾಲ್ಕು ದಿನ ಇದೆ ಎನ್ನುವಾಗ ನನ್ನ ಸಹನೆ ಕೆಟ್ಟಿತು.

"ರೀ, ಈ ಮನೇಲಿ ಅವಳಿರಬೇಕು, ಇಲ್ಲಾ ನಾನಿರಬೇಕು. ಈಗಲೇ ಕುಣಿಗಲ್ ಬಸ್ ಹತ್ತುತೀನಿ!"

ಇವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ತುಮಕೂರಲ್ಲಿ ಇಳಿದು ಬೇರೆ ಬಸ್ ಹಿಡೀಬೇಕು ಕಣೇ" ಅಂದರು.

ನಾನು ಅತ್ತುಬಿಟ್ಟೆ. ನಿಜವಾಗಿಯೂ ಅತ್ತೆ. ಆಗ ಕತ್ತೆತ್ತಿ ನೋಡಿದರು. ಮಾರನೆಯ ದಿನ ಜುಮಾನಾ ಜ್ವರ ಬಂದು ತೀರಿಕೊಂಡಳು.

ಪೀಡೆ ತೊಲಗಿತು ಎಂದು ನಾನು ಹಬ್ಬಕ್ಕೆ ಮನೆ ಸಾರಿಸಲು ಕೂತೆ. ತೊಲಗಿತೇ? ಹಬ್ಬದ ದಿನ ಬೆಳಗ್ಗೆಯೇ ತುಮಕೂರಿನಿಂದ ಒಬ್ಬ ಹೆಂಗಸು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರಂತೆ, ಇವರ ಫಾಲೋವರ್ ಅಂತೆ. ಮುಖ ಸಣ್ಣಗೆ ಮಾಡಿಕೊಂಡು, "ಹೀಗಾಗಬಾರದಿತ್ತು ಸರ್, ಇನ್ನೂ ಚಿಕ್ಕ ವಯಸ್ಸು" ಅಂದರು. ಇವರು ತಲೆ ತಗ್ಗಿಸಿ ಕೂತರು. ನಾನು ಕಾಫಿ ಕೊಟ್ಟರೆ ಆಕೆ "ಬೇಡಮ್ಮ, ಇವತ್ತು ಗಂಟಲಲ್ಲಿ ಇಳಿಯಲ್ಲ" ಅಂದರು. ಹೋಗಿ ಬರ್ತೀನಿ ಅನ್ನದೆ ಎದ್ದು ಹೊರಟೇಹೋದರು.

ಜಗಲಿಯಲ್ಲಿ ಹೂವು ಕಟ್ಟುತ್ತಿದ್ದ ನಮ್ಮತ್ತೆಗೆ, ಅಂದರೆ ಇವರ ತಾಯಿಗೆ, ಕಿವಿ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಚುರುಕು. ಕಾಫಿ ಮುಟ್ಟಲಿಲ್ಲ, ಬರ್ತೀನಿ ಅನ್ನಲಿಲ್ಲ. ಇದು ಸಾವಿನ ಮನೆಗೆ ಬಂದವರ ರೀತಿಯಲ್ಲವೇ? ಹೂವನ್ನು ಅಲ್ಲೇ ಬಿಟ್ಟು ಒಳಗೆ ಬಂದರು.

"ಯಾರ್ಲಾ ಹೋದ್ರು? ಹಬ್ಬ ಕೆಡ್ತೈತೆ ಅಂತ ಮುಚ್ಚಿಡ್ತಿದೀಯಾ?"

"ಯಾರೂ ಇಲ್ಲಮ್ಮ, ಕತೇಲಿ ಬರೋಳು."

"ಕತೆ ಹೇಳ್ಬ್ಯಾಡ ನನ್ ತಾವ!"

ಮುಗಿಯಿತು. ಮನೆಮಂದಿಗೆಲ್ಲ ತಲೆಗೆ ಸ್ನಾನ, ದೇವರ ಮನೆ ಬಾಗಿಲು ಬಂದ್, ಒಬ್ಬಟ್ಟಿನ ಹೂರಣ ಮೂಲೆ ಸೇರಿತು. ಅಷ್ಟರಲ್ಲಿ ನಮ್ಮಣ್ಣ ಕುಣಿಗಲ್ಲಿನಿಂದ ಬಾಗಿನದ ಮೊರ ಹಿಡಿದು ಗೇಟಿನಲ್ಲಿ ಪ್ರತ್ಯಕ್ಷನಾದ. ಅತ್ತೆ ಜಗಲಿಯಿಂದಲೇ ಕೈ ಅಡ್ಡ ಹಿಡಿದರು. "ಅಲ್ಲೇ ನಿಲ್ಲಪ್ಪಾ, ಸೂತ್ಕ ಐತೆ!"

ಅಣ್ಣ ಗಾಬರಿಯಾಗಿ ನನ್ನ ಕಡೆ ತಿರುಗಿದ. "ಯಾರೇ ಹೋದ್ರು?"

ಒದ್ದೆ ಕೂದಲು ಕೆದರಿಕೊಂಡು ನಿಂತಿದ್ದ ನಾನು ಅಂದೆ: "ನನ್ನ ಸವತಿ!"

ಪಾಪ, ಅವನು ಮೊರವನ್ನು ಗೇಟಿನ ಹೊರಗೇ ಇಟ್ಟು ಅಲ್ಲೇ ಕುಕ್ಕರುಬಡಿದ. ಎಲ್ಲ ಬಿಡಿಸಿ ಹೇಳಿದ ಮೇಲೆ, ಪಕ್ಕದ ಮನೆಯವರ ಪಡಸಾಲೆಯಲ್ಲಿ ಕೂತು ಬಾಗಿನ ಇಸಕೊಂಡೆ. ಬದುಕಿದ್ದಾಗ ಗಂಡನನ್ನು ಕಿತ್ತುಕೊಂಡಳು, ಸತ್ತು ಹಬ್ಬವನ್ನೂ ಕಿತ್ತುಕೊಂಡಳಲ್ಲ! ಹೊಟ್ಟೆ ಧಗಧಗ ಉರಿಯುತ್ತಿತ್ತು.

ಮಾರನೆಯ ದಿನ ಇವರು ಅಂಗಡಿಗೆ ಹೋದಾಗ ನಾನೇ ಕಂಪ್ಯೂಟರ್ ಮುಂದೆ ಕೂತೆ. ಅವಳಿಗಾಗಿ ಯಾರು ಯಾರು ಎಷ್ಟು ಅತ್ತಿದ್ದಾರೋ ನೋಡಿಯೇ ಬಿಡೋಣ ಎಂದು. ಬ್ಲಾಗಿನ ತುಂಬ ಗೋಳೋ ಗೋಳು. ಏಕೆ ಕೊಂದಿರಿ ಸರ್, ಏಕೆ ಕೊಂದಿರಿ? ಇವರು ಉತ್ತರ ಕೊಟ್ಟಿದ್ದರು: "ಅವಳಿಂದ ನಮ್ಮನೆಯವಳು ಅತ್ತಳು. ಅದಕ್ಕೆ."

ಅದರ ಕೆಳಗೆ ಧಾರವಾಡದಾಕೆ ಕೆಂಡ ಕಾರಿದ್ದಳು. "ಇಷ್ಟು ಓದುಗರ ಪ್ರೀತಿಗಿಂತ, ಜುಮಾನಾಳಿಗಿಂತ, ನಿಮಗೆ ಹೆಂಡತಿಯ ಹೊಟ್ಟೆಕಿಚ್ಚೇ ಹೆಚ್ಚಾಯಿತೇ?"

ನಮ್ಮವರು ಅದಕ್ಕೆ ಪದ್ಯ ಬರೆದಿರಲಿಲ್ಲ. ಒಂಟೆ, ಚಂದ್ರ, ಮರಳು ಯಾವುದೂ ಇರಲಿಲ್ಲ. ಒಂದೇ ಮಾತು.

"ಹೌದು."

ಅದನ್ನು ಎಷ್ಟು ಸಲ ಓದಿದೆನೋ. ಕಣ್ಣು ಮಂಜಾಗಿ ಅಕ್ಷರ ಕಾಣದಾದಾಗ ಸೆರಗಿನಿಂದ ಒರೆಸಿಕೊಂಡು ಮತ್ತೆ ಓದಿದೆ.

ಮಧ್ಯಾಹ್ನ ಊಟಕ್ಕೆ ಬಂದವರಿಗೆ ಬಡಿಸುತ್ತ ಅಂದೆ: "ರೀ, ಅವಳು ಸಾಯಲಿಲ್ಲ, ಜ್ವರ ಇಳೀತು ಅಂತ ಬರೀರಿ."

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ನಿಂಗೆ ಹೊಟ್ಟೆ ಉರಿಯಲ್ವೇನೇ?"

"ಉರಿಯುತ್ತೆ ಕಣ್ರೀ" ಅಂದೆ. "ಉರೀಲಿ ಬಿಡಿ."