ಅಕ್ಬಾಸ್ ಹೋರಿಯ ಮಾಂಸಪರೀಕ್ಷೆ

ಮಿಶ್ರತಳಿ ಹೋರಿಗೆ ತಳಿಪತ್ರ ನೀಡುವ ಮೊದಲು ಅದರ ಮಾಂಸದ ಗುಣಮಟ್ಟವನ್ನು ಪರೀಕ್ಷಿಸತಕ್ಕದ್ದು ಎಂದು ಜಿಲ್ಲಾ ತಳಿ ಸುಧಾರಣಾ ಸಮಿತಿಯ ಹನ್ನೊಂದನೇ ನಿಯಮ ಹೇಳುತ್ತದೆ. ಪರೀಕ್ಷೆಯ ನಂತರ ಹೋರಿ ಏನಾಗತಕ್ಕದ್ದು ಎಂಬ ಬಗ್ಗೆ ನಿಯಮ ಮೌನವಾಗಿದೆ.

ಕೂಲ್ಯಾಶ್‌ಗೆ ತಳಿಪತ್ರ ಬೇಕೇ ಬೇಕಿತ್ತು. ನಾಡಹಸುಗಳನ್ನು ಹೆರ್‌ಫರ್ಡ್ ತಳಿಯ ಹೋರಿಗೆ ಬಿಟ್ಟು, ಹುಟ್ಟಿದವುಗಳಲ್ಲಿ ಬಲವಾದುದನ್ನು ಆರಿಸುತ್ತ ಒಂಬತ್ತು ವರ್ಷ ಕಳೆದ ಮೇಲೆ ಅವಳಿಗೆ ಅಕ್ಬಾಸ್ ಸಿಕ್ಕಿದ್ದ. ಕೆಂಪು ಮೈ, ಬಿಳಿ ತಲೆ, ದಿನಕ್ಕೆ ಒಂದು ಕಿಲೋ ಇನ್ನೂರು ಗ್ರಾಂ ಬೆಳವಣಿಗೆ. ಅವನಿಗೊಬ್ಬ ತಮ್ಮನೂ ಇದ್ದ. ಪತ್ರವಿಲ್ಲದೆ ಅಕ್ಬಾಸ್‌ನನ್ನು ಊರಿನ ಮಂದೆಗೆ ಬಿಡುವಂತಿರಲಿಲ್ಲ. ಬಿಡದಿದ್ದರೆ ತಳಿ ಅಲ್ಲಿಗೇ ನಿಲ್ಲುತ್ತಿತ್ತು.

ಸಮಿತಿಯ ಅಧ್ಯಕ್ಷ ದುಲಾತ್, ಉಪಾಧ್ಯಕ್ಷ ಮತ್ತು ಲೆಕ್ಕ ತಪಾಸಣಾಧಿಕಾರಿ ಬೆಳಿಗ್ಗೆಯೇ ಬಂದರು.

"ಎಷ್ಟು ಮಾಂಸ ಬೇಕಾಗತ್ತೆ, ಸಾಹೇಬ್ರೆ?" ಕೂಲ್ಯಾಶ್ ಕೇಳಿದಳು.

"ಇನ್ನೂರೈವತ್ತು ಗ್ರಾಂ ಸಾಕು ಅಪಾ. ವಿಜ್ಞಾನಕ್ಕೆ ದುರಾಸೆ ಇಲ್ಲ," ಎಂದ ದುಲಾತ್. ಅಲ್ಲಿ ಅಕ್ಕನಿಗೆ ಅಪಾ ಎನ್ನುತ್ತಾರೆ.

"ಹಾಗಾದ್ರೆ ಬಾಲದ ತುದೀಲಿ ಒಂಚೂರು..."

"ಮನೆಗೆ ಬಂದೋನಿಗೆ ಬಾಲ ಬಡಿಸ್ತೀರಾ?" ದುಲಾತ್ ನೊಂದುಕೊಂಡ.

ಕೂಲ್ಯಾಶ್ ನಾಚಿದಳು. ಹಿರಿಯ ಅತಿಥಿಗೆ ಸೊಂಟದ ಮೂಳೆಯ ಮಾಂಸವನ್ನೇ ಇಡಬೇಕು. ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ಅದು ತಪ್ಪಿರಲಿಲ್ಲ. ಸೊಂಟದ ಮೂಳೆ ತೆಗೆದ ಮೇಲೂ ಹೋರಿಯನ್ನು ನಿಲ್ಲಿಸುವ ವಿಧಾನ ಸದ್ಯಕ್ಕೆ ಲಭ್ಯವಿಲ್ಲ ಎಂದು ಸಮಿತಿ ಲಿಖಿತವಾಗಿ ದೃಢಪಡಿಸಿತು.

ಮಧ್ಯಾಹ್ನಕ್ಕೆ ಅಕ್ಬಾಸ್ ಬೆಂದಿದ್ದ. ಒಂದು ಮೂಳೆ ಅಧ್ಯಕ್ಷನಿಗೆ, ಇನ್ನೊಂದು ಉಪಾಧ್ಯಕ್ಷನಿಗೆ. ತಪಾಸಣಾಧಿಕಾರಿ ತನ್ನ ತಟ್ಟೆಯನ್ನೇ ನೋಡುತ್ತ ಕುಳಿತ.

"ನಾನೇನು ಪಕ್ಕೆಲುಬಿನ ಗಿರಾಕಿನಾ?"

"ಒಂದು ಹೋರಿಗೆ ಇರೋದೇ ಎರಡು, ಸಾಹೇಬ್ರೆ."

"ಅದು ನಿಮ್ಮ ತಳಿಯ ಕೊರತೆ. ಬರ್ಕೋತೀನಿ." ಅವನು ಪೆನ್ನು ತೆಗೆದ.

"ತಡೀರಿ ತಡೀರಿ," ಎಂದ ದುಲಾತ್. "ಒಂದೇ ಹೋರಿ ನೋಡಿ ತೀರ್ಮಾನಕ್ಕೆ ಬರೋದು ಅವೈಜ್ಞಾನಿಕ. ಹೋಲಿಕೆಗೆ ಇನ್ನೊಂದು ಬೇಕಲ್ಲ?" ಮೂವರೂ ಕಿಟಕಿಯಾಚೆ ಮೇಯುತ್ತಿದ್ದ ತಮ್ಮನನ್ನು ನೋಡಿದರು.

ಹೋಲಿಕೆ ಸಂಜೆಗೆ ಮುಗಿಯಿತು. ಇಬ್ಬರೂ ಅತ್ಯುತ್ತಮ ದರ್ಜೆ. ತಮ್ಮ ತುಸು ಹೆಚ್ಚು ಮೃದು. ಎರಡೂ ತಳಿಪತ್ರಗಳು ಸ್ಥಳದಲ್ಲೇ ಸಿಕ್ಕವು. ಮೇ ಒಂದರಿಂದ ಅಕ್ಬಾಸ್‌ನನ್ನು ಊರಿನ ನಲವತ್ತೆರಡು ಹಸುಗಳ ಜೊತೆ ಬಿಡತಕ್ಕದ್ದು, ತಪ್ಪಿದಲ್ಲಿ ದಂಡ.

"ಬಿಡೋಕೆ ಅವನೆಲ್ಲಿದಾನೆ, ಸಾಹೇಬ್ರೆ?"

"ಪಾಸಾದವನ ಮೇಲೆ ಅನುಮಾನ ಪಡ್ತೀರಾ ಅಪಾ?" ಎಂದ ದುಲಾತ್, ಹಲ್ಲುಕಡ್ಡಿಗೆ ಕೈಚಾಚುತ್ತ.

ಮೇ ತಿಂಗಳಲ್ಲಿ ಹಸುಗಳು ಬಂದವು. ಪಕ್ಕದ ಮನೆಯ ಬೆಕೆನ್‌ನ ಬಡಕಲು ಹೋರಿ ಬೇಲಿ ಹಾರಿ ಬಂದು ಅವುಗಳ ನಡುವೆ ಓಡಾಡಿಕೊಂಡಿತ್ತು. ಅದಕ್ಕೆ ತಳಿಪತ್ರ ಇಲ್ಲದ್ದರಿಂದ ಯಾರೂ ಅದನ್ನು ನೋಡಲಿಲ್ಲ. ಹುಟ್ಟಿದ ಮೂವತ್ತೊಂಬತ್ತು ಬಡಕಲು ಕರುಗಳೂ ಅಕ್ಬಾಸ್‌ನ ಹೆಸರಿಗೆ ದಾಖಲಾದವು. ಚಳಿಗಾಲದ ವರದಿಯಲ್ಲಿ ಅವನು ತಿಂದ ಮೇವು ಸೊನ್ನೆ, ಇಳಿದ ತೂಕವೂ ಸೊನ್ನೆ. ಜಿಲ್ಲೆಯಲ್ಲಿ ಇಂಥ ಹೋರಿ ಇನ್ನೊಂದಿಲ್ಲ ಎಂದು ಸಮಿತಿ ಕೊಂಡಾಡಿತು.

ಮರುವರ್ಷ ಬೆಕೆನ್ ತನ್ನ ಹಸುವನ್ನು ಹಿಡಿದುಕೊಂಡು ಬಂದ. "ಅಪಾ, ಇದನ್ನೂ ಅಕ್ಬಾಸ್ ಹತ್ರ ಬಿಡಿ."

ಕೂಲ್ಯಾಶ್ ಸರದಿ ಪುಸ್ತಕ ತೆರೆದು ಬೆರಳಾಡಿಸಿದಳು.

"ಸೆಪ್ಟೆಂಬರ್‌ವರೆಗೆ ಅವನಿಗೆ ಪುರುಸೊತ್ತಿಲ್ಲಪ್ಪ," ಎಂದಳು. "ಅವಸರ ಇದ್ರೆ ಅವನ ತಮ್ಮ ಜುಲೈನಲ್ಲಿ ಖಾಲಿ ಇದಾನೆ."

"ತಮ್ಮನೇ ಆಗ್ಲಿ ಬಿಡಿ," ಎಂದು ಬೆಕೆನ್ ಹೆಸರು ಬರೆಸಿದ.