ನಾಗಪ್ಪನ ಸೀಟಿಯೂ ಕೆಂಪು ಗೀಟೂ

ಎಲ್ಲ ರಾದ್ಧಾಂತಕ್ಕೂ ಮೂಲ ಹೆಬ್ಬೆರಳಿನಷ್ಟಿದ್ದ ಒಂದು ತಗಡಿನ ಸೀಟಿ.

ಹಿಂದಿನ ವರ್ಷ ದಾಸನಕೊಪ್ಪದ ಹತ್ತಿರದ ಹಳ್ಳದಲ್ಲಿ ಒಂದು ಜೋಡಿ ಎತ್ತು ಕೊಚ್ಚಿಹೋಗಿದ್ದವು. ಆಮೇಲೆ ಪಂಚಾಯತಿಯವರು ಹಳ್ಳ ದಾಟುವ ಮರದ ಕಾಲುಸಂಕದ ಪಕ್ಕದ ಕಲ್ಲಿಗೆ ಕೆಂಪು ಗೀಟು ಎಳೆಸಿ, ನೀರು ಗೀಟು ಮುಟ್ಟಿದರೆ ಯಾರನ್ನೂ ದಾಟಗೊಡಬೇಡ ಎಂದು ಆ ಸೀಟಿಯನ್ನು ನಾಗಪ್ಪನ ಕೊರಳಿಗೆ ಹಾಕಿದರು. ಸಂಬಳವಿರಲಿಲ್ಲ. ಆದರೂ ನಾಗಪ್ಪ ಸ್ನಾನ ಮಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ವೈಶಾಖದ ಆ ದಿನ ಅವನ ಮಗಳು ಪಾರ್ವತಿಯನ್ನು ನೋಡಲು ಗಂಡಿನ ಕಡೆಯವರು ಹಳ್ಳದ ಆಚೆಯಿಂದ ಬರುವವರಿದ್ದರು. ಈ ಮೊದಲು ಮೂರು ಸಂಬಂಧ ಮುರಿದಿದ್ದವು.

"ಇವತ್ತೊಂದಿನ ಆ ಸೀಟಿ ಗೂಟಕ್ಕ ಹಾಕ್ರಿ," ಎಂದಳು ಹೆಂಡತಿ ಮುರಿಗೆವ್ವ.

"ಬೀಗರ ಮುಂದ ಬರಿಗೊರಳಾಗ ನಿಂತ್ರ ಛಲೋ ಕಾಣ್ತೈತೇನು?" ಎಂದು ನಾಗಪ್ಪ ರುಮಾಲು ಸುತ್ತಿ ಹೊರಟ.

ಊರ ಮೇಲೆ ಬಿಸಿಲಿತ್ತು. ಪಡುವಣ ಕಾಡಿನ ಮೇಲೆ ಮಾತ್ರ ಮೋಡ ಕವಿದು ಗುಡುಗುತ್ತಿತ್ತು. ಹಳ್ಳದಲ್ಲಿ ರಾಡಿ ನೀರು ಆಗಲೇ ಗೀಟು ಮುಟ್ಟಿತ್ತು. ಆಚೆ ದಂಡೆಯಲ್ಲಿ ಎಂಟು ಜನ ಬಂದು ನಿಂತಿದ್ದರು. ಗಂಡಿನ ಸೋದರಮಾವ ಚನ್ನಯ್ಯ ಸಂಕದ ಮೇಲೆ ಒಂದು ಕಾಲನ್ನೂ ಇಟ್ಟಿದ್ದ. ನಾಗಪ್ಪನ ಕೈ ತಾನಾಗಿಯೇ ಸೀಟಿಗೆ ಹೋಯಿತು; ಜೋರಾಗಿ ಊದಿಬಿಟ್ಟ.

"ಸಂಕಕ್ಕ ನೀರು ಇನ್ನೂ ಮೊಳ ದೂರ ಐತಲ್ರಿ," ಚನ್ನಯ್ಯ ಕೂಗಿದ. "ಹನ್ನೆರಡರೊಳಗ ಕನ್ಯಾ ನೋಡಬೇಕಂತ ಅಯ್ನೋರು ಹೇಳ್ಯಾರ. ಮುಹೂರ್ತ ಸುಮ್ನ ಹೋಗಬಾರದು."

ಈಚೆ ದಂಡೆಯಲ್ಲಿ ಊರೇ ನೆರೆಯಿತು. "ಮಗಳ ಬಾಳೇವಿನ ವಿಚಾರ, ನಾಗಪ್ಪಣ್ಣ. ಗೀಟು ಕಣ್ಣಿಗೆ ಬೀಳಲಿಲ್ಲ ಅನ್ನು," ಎಂದ ಪಕ್ಕದ ಮನೆಯ ಅಂದಾನಪ್ಪ. ಮುದುಕಿ ಶಾರದವ್ವ ಇನ್ನೂ ಮುಂದೆ ಹೋಗಿ, ಗೀಟಿಗೆ ಮೆತ್ತಿಬಿಡಲು ಒಂದು ಹಿಡಿ ಸಗಣಿಯನ್ನೇ ತಂದಳು.

ನಾಗಪ್ಪ ಕಲ್ಲಿಗೆ ಬೆನ್ನು ಕೊಟ್ಟು ನಿಂತ. "ಎತ್ತಿಗೊಂದು ನ್ಯಾಯ, ಬೀಗರಿಗೊಂದು ನ್ಯಾಯ ಇಲ್ಲ," ಎಂದ.

ಅಷ್ಟರಲ್ಲಿ ಮೋಡ ಇತ್ತಲೇ ಬಂತು. ದಪ್ಪ ಹನಿ ಬಿದ್ದದ್ದೇ ಬೀಗರು ದಂಡೆಯ ಮಾವಿನ ಮರದ ಕೆಳಗೆ ಓಡಿದರು. ನಾಗಪ್ಪ ಮತ್ತೆ ಸೀಟಿ ಊದಿದ.

"ಮರದ ಬುಡಕ ನಿಲ್ಲಬ್ಯಾಡ್ರಿ, ಸಿಡ್ಲು ಬೀಳತೈತಿ. ಹಿಂದ ದ್ಯಾಮಪ್ಪನ ಮನಿ ಐತಿ, ನಮ್ಮ ಪೈಕಿಯವ್ನ. ಒಳಗ ಹೋಗಿ ಕುಂದರ್ರಿ."

ಗೊಣಗುತ್ತಲೇ ಅವರು ಒಳಗೆ ಹೋದರು. ಒಂದು ಬೀಡಿ ಸೇದುವಷ್ಟು ಹೊತ್ತಾಗಿರಲಿಲ್ಲ, ಸಿಡಿಲು ಮಾವಿನ ಮರವನ್ನು ಎರಡು ಹೋಳು ಮಾಡಿತು. ಅದರ ಬೆನ್ನಿಗೇ ಮೇಲಿನಿಂದ ಆಳೆತ್ತರದ ನೀರು ನುಗ್ಗಿ ಬಂದು ಸಂಕವನ್ನು ಕಡ್ಡಿಯಂತೆ ಒಯ್ದಿತು. ಶಾರದವ್ವನ ಕೈಯ ಸಗಣಿ ಕೆಳಗೆ ಬಿತ್ತು.

ಮಳೆ ನಿಂತ ಮೇಲೆ ಅಂದಾನಪ್ಪನೇ ನಾಗಪ್ಪನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಎಂಟು ಜೀವ ಉಳಿಸಿದ ಗಂಡನನ್ನು ಕಂಡು ಮುರಿಗೆವ್ವ ಕಣ್ಣೊರೆಸಿಕೊಂಡಳು. "ಇಂಥಾ ಮನೀ ಹುಡುಗೀನ್ನ ಇನ್ನ್ಯಾರು ಬಿಟ್ಟಾರು," ಎಂದು ಹೋಳಿಗೆ ಬಿಸಿ ಮಾಡಲು ಒಲೆ ಹೊತ್ತಿಸಿದಳು. ನಾಗಪ್ಪನಿಗಂತೂ ತನ್ನ ಬಗ್ಗೆ ತನಗೇ ಅಭಿಮಾನ ಉಕ್ಕಿತು.

ಸಂಜೆ ದ್ಯಾಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ತಲೆಯ ಮೇಲೆ ಒಂದು ಗಂಟು ಹೊತ್ತು ಬಂದ.

"ನೀರು ಗೀಟಿನ ಕೆಳಗ ಇಳಿಯೂ ಮಟ ಕಾದು ಬಂದೆ, ಅಣ್ಣಾ. ಬೀಗರು ನಿಮ್ಮನ್ನ ಹಾಡಿ ಹೊಗಳಿದ್ರು. ಇಂಥಾವರ ಪೈಕಿ ಸಂಬಂಧ ಬಿಡಬಾರದು ಅಂದ್ರು."

ನಾಗಪ್ಪ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ. ಆಕೆ ಹೋಳಿಗೆಯ ತಾಟು ತಂದಳು.

"ಮುಹೂರ್ತ ಮೀರಾಕ ಬಂದಿತ್ತು," ಎಂದ ದ್ಯಾಮಪ್ಪ. "ನಾನು ನಿಮ್ಮ ಪೈಕಿ ಅಂತ ನೀವ ಹೇಳಿದ್ರೆಲ್ಲ. ನನ್ನ ಮಗಳು ಸೀತಾ ನೀರು ಕೊಡಾಕ ಬಂದಾಗ ಅಲ್ಲೇ ನೋಡಿ ಒಪ್ಪಿಬಿಟ್ರು. ಸಕ್ಕರಿ ತಗೋರಿ."

ಮುರಿಗೆವ್ವನ ಕೈಯ ತಾಟು ವಾಲಿತು. ದ್ಯಾಮಪ್ಪ ಗಂಟು ಬಿಚ್ಚುತ್ತ ಮುಂದುವರಿಸಿದ: "ಇನ್ನೊಂದು ಮಾತು. ಮದುವಿ ಈಚಿ ದಂಡಿ ಗುಡ್ಯಾಗ ಮಾಡೂದು. ಆ ದಿನ ನೀವು ಸೀಟಿ ಊದಿ ಹೂಂ ಅನ್ನೂ ಮಟ ಒಬ್ರೂ ಹಳ್ಳಕ್ಕ ಕಾಲಿಡೂದಿಲ್ಲ ಅಂದಾರ."

ನಾಗಪ್ಪ ಬಾಯಿಗೆ ಸಕ್ಕರೆ ಹಾಕಿಕೊಂಡ. ಒಳಬಾಗಿಲಲ್ಲಿ ಪಾರ್ವತಿ ನಿಂತಿದ್ದಳು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೂ ಹಾಳು ಕೈ ಸೀಟಿಯನ್ನು ಸವರುತ್ತಲೇ ಇತ್ತು.

"ಮದುವಿ ಯಾವತ್ತು?" ಎಂದು ಕೊನೆಗೆ ಕೇಳಿದ. "ಅಷ್ಟರೊಳಗ ಗೀಟಿಗೆ ಹೊಸಾ ಬಣ್ಣ ಹಚ್ಚಬೇಕು."